ಒರೆಸಿ ಒಣಗಿಸಿದ ಮೇಲೂ ಕಾರಿನಲ್ಲಿ ನಾತ: ಮೂಲ ಹುಡುಕಿ ತೆಗೆಯುವ ಬಗೆ

ಕಾರಿನೊಳಗೆ ಹಾಲೋ ಮೀನಿನ ನೀರೋ ಚೆಲ್ಲಿದೆ. ಬಟ್ಟೆಯಲ್ಲಿ ಒರೆಸಿ, ಶಾಂಪೂ ಹಾಕಿ ಉಜ್ಜಿ, ಬಾಗಿಲು ತೆರೆದಿಟ್ಟು ಒಣಗಿಸಿದ್ದೂ ಆಗಿದೆ. ಎರಡು ದಿನ ಏನೂ ಗೊತ್ತಾಗುವುದಿಲ್ಲ. ಮೂರನೆಯ ದಿನ ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಇಂಥ ಕಡೆ ಬಹುಮಟ್ಟಿಗೆ ಆಗಿರುವ ತಪ್ಪು ಒಂದೇ: ತೊಳೆದದ್ದು ಮೇಲಿನ ಬಟ್ಟೆಯನ್ನು, ಚೆಲ್ಲಿದ್ದು ಕುಳಿತಿರುವುದು ಅದರ ಅಡಿಯ ಫೋಮಿನಲ್ಲಿ.

ಕಾರಿನ ಕಾರ್ಪೆಟ್ ಒಂದೇ ಪದರದ್ದಲ್ಲ. ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ನೂಲಿನ ಪದರ, ಅನೇಕ ಕಾರುಗಳಲ್ಲಿ ಅದರ ಬೆನ್ನಿಗೆ ರಬ್ಬರಿನಂಥ ಭಾರದ ಹಾಳೆ, ಅದರಡಿಗೆ ಸದ್ದು ತಡೆಯಲೆಂದು ಇಟ್ಟ ಫೋಮ್ ಅಥವಾ ಒತ್ತಿದ ನಾರಿನ ಪ್ಯಾಡ್, ಕೊನೆಗೆ ಲೋಹದ ತಳ. ಸೀಟಿನ ಬೋಲ್ಟ್ ತೂತು, ಹಳಿಯ ಸುತ್ತ ಕತ್ತರಿಸಿದ ಅಂಚು, ಜೋಡಣೆಯ ಸಂದು ಇಂಥ ಕಡೆಯಿಂದ ದ್ರವ ಕೆಳಗಿಳಿಯುತ್ತದೆ. ಒಮ್ಮೆ ಆ ಭಾರದ ಹಾಳೆಯ ಅಡಿಗೆ ಹೋಯಿತೆಂದರೆ ಮೇಲೆ ಆವಿಯಾಗಿ ಹೋಗಲು ದಾರಿಯೇ ಇರುವುದಿಲ್ಲ. ಮೇಲ್ಭಾಗ ಮುಟ್ಟಿದರೆ ಒಣಗಿದೆ, ಕೆಳಗಿನ ಪ್ಯಾಡ್ ವಾರಗಟ್ಟಲೆ ಒದ್ದೆ. ಸೀಟಿನದೂ ಇದೇ ಕಥೆ. ಬಟ್ಟೆಯ ಬೆನ್ನಿಗೆ ತೆಳು ಫೋಮ್ ಅಂಟಿಸಿರುತ್ತಾರೆ, ಅದರ ಕೆಳಗೆ ಅಂಗೈ ಅಗಲಕ್ಕೂ ಹೆಚ್ಚು ದಪ್ಪದ ಫೋಮ್ ಇರುತ್ತದೆ. ಅರ್ಧ ಲೀಟರ್ ದ್ರವ ಅದರೊಳಗೆ ಇಂಗಿದರೂ ಮೇಲೆ ಕಾಣುವುದು ಅಂಗೈಯಷ್ಟೇ ಕಲೆ.

ಆದ್ದರಿಂದ ಏನನ್ನಾದರೂ ಸುರಿಯುವ, ಸಿಂಪಡಿಸುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬೇಕು. ಇದು ನಿಜವಾಗಿ ಚೆಲ್ಲಿದ್ದರ ವಾಸನೆಯೇ? ಎಲ್ಲಿದೆ? ಏನು ಚೆಲ್ಲಿದ್ದು? ಮೂರನೆಯದರ ಉತ್ತರ ತಪ್ಪಿದರೆ, ಹಾಕಿದ ಔಷಧವೇ ಕಲೆಯನ್ನು ಗಟ್ಟಿಮಾಡಿ ಕೂರಿಸಿಬಿಡುತ್ತದೆ.

ಚೆಲ್ಲಿದ್ದರದೇ ಹೌದೋ ಅಲ್ಲವೋ

ಕಾರನ್ನು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಬ್ಲೋವರ್ ಹಾಕುವ ಮೊದಲೇ ಮೂಸಿ. ಆಗಲೇ ವಾಸನೆ ದಟ್ಟವಾಗಿದ್ದರೆ ಮೂಲ ಕಾರಿನೊಳಗಿನ ಬಟ್ಟೆ, ಫೋಮ್, ಕಾರ್ಪೆಟಿನಲ್ಲಿದೆ. ಆಗ ಇಲ್ಲದೆ, ಎಸಿ ಹಾಕಿದ ಮೊದಲ ಒಂದೆರಡು ನಿಮಿಷ ಮಾತ್ರ ಮುಗ್ಗಲು ವಾಸನೆ ಬಂದು ಕಡಿಮೆಯಾದರೆ ಅದು ಎಸಿಯ ಇವ್ಯಾಪರೇಟರ್ (ಗಾಳಿಯನ್ನು ತಂಪು ಮಾಡುವ ಭಾಗ) ಮೇಲೆ ಕೂತ ಬೂಷ್ಟು, ಇಲ್ಲವೇ ಹಳೆಯ ಕೇಬಿನ್ ಫಿಲ್ಟರ್ (ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಜಾಲರಿ). ಅದಕ್ಕೆ ಸೀಟು ತೊಳೆದು ಪ್ರಯೋಜನವಿಲ್ಲ.

ಪಾಕದಂಥ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಡ್ಯಾಶ್‌ಬೋರ್ಡಿನ ಕೆಳಗೆ ಕಾಲಿಡುವ ಜಾಗದಲ್ಲಿ ಪಸೆ, ಇವು ಸೇರಿ ಬಂದರೆ ಡ್ಯಾಶ್‌ಬೋರ್ಡಿನೊಳಗೆ ಗಾಳಿ ಬಿಸಿಮಾಡುವ ಹೀಟರ್ ಕೋರಿನಿಂದ ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ, ಸೋರುತ್ತಿದೆ ಎಂದು ತಿಳಿಯಿರಿ. ಬೆರಳಿಗೆ ತಾಗಿಸಿದರೆ ಕೂಲಂಟ್ ಜಾರುತ್ತದೆ, ಬಣ್ಣವೂ ಇರುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮಕ್ಕಳು, ಸಾಕುಪ್ರಾಣಿಗಳು ಅದನ್ನು ಮುಟ್ಟದಂತೆ, ನೆಕ್ಕದಂತೆ ನೋಡಿಕೊಳ್ಳಿ. ಮೊದಲು ಸೋರಿಕೆ ರಿಪೇರಿ, ಆಮೇಲೆ ಕಾರ್ಪೆಟ್.

ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎಸಿ ಓಡಿಸಿದ ದಿನವೇ ಮುಂದಿನ ಕಾಲಡಿಯಲ್ಲಿ ಕಾಣಿಸಿದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ನೀರು ಬೀಳದಿದ್ದರೆ ಈ ಅನುಮಾನ ಗಟ್ಟಿ. ಮಳೆ ಬಂದ ಮರುದಿನ ಮಾತ್ರ ಒದ್ದೆಯಾದರೆ ಸನ್‌ರೂಫಿನ ನೀರಿನ ಕೊಳವೆ, ಬಾಗಿಲಿನ ಒಳ ಪ್ಲಾಸ್ಟಿಕ್ ಹಾಳೆ, ಮುಂದಿನ ಗಾಜಿನ ಬುಡ, ಹಿಂದಿನ ದೀಪಗಳ ರಬ್ಬರ್ ವಾಷರ್ ನೋಡಬೇಕು. ಕೊನೆಯದು ಸೋರಿದರೆ ನೀರು ನೇರ ಡಿಕ್ಕಿಯ ಸ್ಟೆಪ್ನಿ ಗುಂಡಿಗೆ ಇಳಿಯುತ್ತದೆ. ಸೋರಿಕೆ ನಿಲ್ಲಿಸದೆ ಕಾರ್ಪೆಟ್ ತೊಳೆಯಲು ಹೊರಡುವುದು ವ್ಯರ್ಥ ಶ್ರಮ.

ಇನ್ನೆರಡು ವಾಸನೆಗಳನ್ನು ತಡಮಾಡದೆ ಮೆಕಾನಿಕ್‌ಗೆ ತೋರಿಸಬೇಕು. ಯಾರೂ ಚೆಲ್ಲದೆಯೇ ಬರುವ ಪೆಟ್ರೋಲ್ ಘಾಟು ಒಂದು. ಕೊಳೆತ ಮೊಟ್ಟೆಯ ವಾಸನೆ ಇನ್ನೊಂದು. ಇದು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಬರಬಹುದು, ಮಿತಿಮೀರಿ ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದಲೂ ಬರಬಹುದು. ಕೆಲವು ಕಾರುಗಳಲ್ಲಿ ಬ್ಯಾಟರಿ ಇರುವುದು ಸೀಟಿನಡಿಯಲ್ಲಿ ಅಥವಾ ಡಿಕ್ಕಿಯಲ್ಲಿ ಎಂಬುದು ನೆನಪಿರಲಿ.

ಜಾಗ ಹಿಡಿಯುವುದು

ಕಾರಿನೊಳಗೆ ಕೂತು ಐದು ನಿಮಿಷ ಮೂಸುತ್ತಾ ಹೋದರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ಮೂಲದ ಹತ್ತಿರ ಬಂದರೂ ಗೊತ್ತಾಗುವುದಿಲ್ಲ. ಹೊರಗಿನ ಗಾಳಿಯಲ್ಲಿ ಹತ್ತು ಹದಿನೈದು ನಿಮಿಷ ಇದ್ದು ಬಂದು, ಎರಡು ಮೂರು ಉಸಿರಿನಲ್ಲಿ ಒಂದು ಜಾಗ ಮಾತ್ರ ನೋಡಿ. ದಿನವೂ ಆ ಕಾರಿನಲ್ಲಿ ಓಡಾಡದ ಒಬ್ಬರನ್ನು ಕರೆದು ಮೂಸಿ ನೋಡಲು ಹೇಳುವುದು ಇನ್ನೂ ಒಳ್ಳೆಯದು. ಅದಕ್ಕೆ ಮುಂಚೆ ಗಾಜು ಏರಿಸಿ ಒಂದೆರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದರೆ ವಾಸನೆ ಎದ್ದು ಕಾಣುತ್ತದೆ.

ಇದಕ್ಕಿಂತ ನಂಬಬಹುದಾದದ್ದು ಮುಚ್ಚಳದ ಗಾಜಿನ ಜಾಡಿಯ ಪರೀಕ್ಷೆ. ಬಿಳಿ ಹತ್ತಿ ಬಟ್ಟೆಯ ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ. ಅನುಮಾನವಿರುವ ಒಂದೊಂದು ಜಾಗದ ಮೇಲೂ ಒಂದೊಂದು ತುಂಡಿಟ್ಟು ಒಂದು ನಿಮಿಷ ಬಲವಾಗಿ ಒತ್ತಿ, ಬೇರೆ ಬೇರೆ ಜಾಡಿಗೆ ಹಾಕಿ, ಯಾವ ಜಾಗದ್ದು ಎಂದು ಬರೆದು ಮುಚ್ಚಿ. ಅರ್ಧ ಗಂಟೆಯ ನಂತರ ಕಾರಿನಿಂದ ದೂರ ಹೋಗಿ ಒಂದೊಂದಾಗಿ ತೆರೆದು ಮೂಸಿ. ಕಾರಿನೊಳಗೆ ಎಲ್ಲವೂ ಒಂದೇ ನಾತವಾಗಿ ಬೆರೆತಿರುತ್ತದೆ, ಜಾಡಿಯಲ್ಲಿ ಜಾಗ ಜಾಗದ ವಾಸನೆ ಬಿಡಿಬಿಡಿಯಾಗಿ ಸಿಗುತ್ತದೆ. ಇನ್ನೂ ಒದ್ದೆಯಿದೆಯೇ ನೋಡಲು ನಾಲ್ಕೈದು ಪದರ ಕಾಗದದ ಟವೆಲ್ ಇಟ್ಟು ಅದರ ಮೇಲೆ ಮಂಡಿಯೂರಿ ಅರ್ಧ ನಿಮಿಷ ಭಾರ ಬಿಡಿ. ಅಡಿಯ ಪ್ಯಾಡಿನಲ್ಲಿ ದ್ರವವಿದ್ದರೆ ಮೇಲಕ್ಕೆ ಜಿನುಗುತ್ತದೆ.

ಅತಿನೇರಳೆ ಟಾರ್ಚ್, ಅದರಲ್ಲೂ 365 ನ್ಯಾನೋಮೀಟರಿನದು, ಕತ್ತಲಲ್ಲಿ ಒಣಗಿದ ಮೂತ್ರದ ಕಲೆಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಉಳಿದ ಸೋಪು, ಬಟ್ಟೆಯ ನೂಲು ಕೂಡ ಹೊಳೆಯುತ್ತವೆ. ಹಾಗಾಗಿ ಅದು ಹೇಳಿದ್ದನ್ನು ಸುಳಿವೆಂದು ಮಾತ್ರ ತೆಗೆದುಕೊಂಡು ಜಾಡಿಯಿಂದ ಖಚಿತಪಡಿಸಿಕೊಳ್ಳಿ.

ದ್ರವ ಯಾವಾಗಲೂ ತಗ್ಗು ಹುಡುಕುತ್ತದೆ. ಓಡುವ ಕಾರಿನಲ್ಲಿ ಚೆಲ್ಲಿದ್ದರೆ ಬ್ರೇಕ್ ಹಾಕಿದಾಗ ಮುಂದಕ್ಕೂ, ಏರು ಹತ್ತುವಾಗ ಹಿಂದಕ್ಕೂ ಹರಿದಿರುತ್ತದೆ. ಹಿಂದಿನ ಸೀಟಿನ ಮುಂದೆ ಚೆಲ್ಲಿದ್ದು ಮುಂದಿನ ಸೀಟಿನ ಅಡಿಯಲ್ಲಿ ಸಿಗುವುದು ಹೀಗೆ. ಸೀಟಿನ ಮೇಲೆ ಬಿದ್ದದ್ದು ಕೂರುವ ಭಾಗ ಮತ್ತು ಬೆನ್ನಿನ ಭಾಗ ಸೇರುವ ಸಂದಿಗೆ ಇಳಿಯುತ್ತದೆ. ಬೆಲ್ಟ್ ಸಿಕ್ಕಿಸುವ ಬಕಲ್ಲಿನ ಬುಡ, ಸೀಟಿನ ಹಳಿ, ಹ್ಯಾಂಡ್‌ಬ್ರೇಕಿನ ಸೀಳು, ಗೇರ್ ಕಡ್ಡಿಯ ಚರ್ಮದ ಚೀಲ, ಲೋಟ ಇಡುವ ಗುಳಿಯ ರಬ್ಬರಿನಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿ, ಇವನ್ನೆಲ್ಲ ನೋಡದೆ ಬಿಡಬೇಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ಉದ್ದಕ್ಕೂ ಮೂಸಿ. ಸುರುಳಿಯೊಳಗೆ ಒದ್ದೆಯಾಗಿ ಸುತ್ತಿಕೊಂಡ ಪಟ್ಟಿಯನ್ನು ಯಾರೂ ಶಂಕಿಸುವುದಿಲ್ಲ.

ಹಾಲು: ಎಲ್ಲಕ್ಕಿಂತ ಹಟಮಾರಿ

ಹಾಲಿನಲ್ಲಿ ಸಕ್ಕರೆ, ಪ್ರೋಟೀನ್, ಕೊಬ್ಬು ಮೂರೂ ಇವೆ, ಮೂರೂ ಬೇರೆ ಬೇರೆ ರೀತಿಯಲ್ಲಿ ಕೆಡುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಮೊದಲ ದಿನಗಳ ಹುಳಿ ವಾಸನೆ ಅದರದ್ದು. ಕೊಬ್ಬು ಒಡೆದು ಬ್ಯುಟೈರಿಕ್ ಆಮ್ಲ ಬಿಡುಗಡೆಯಾಗುತ್ತದೆ. ವಾಂತಿಯನ್ನು ನೆನಪಿಸುವ ಆ ಕಮಟು ನಾತಕ್ಕೆ ಇದೇ ಕಾರಣ, ಇದರ ಅತ್ಯಲ್ಪ ಪ್ರಮಾಣವೂ ಮೂಗಿಗೆ ಗೊತ್ತಾಗುತ್ತದೆ. ಪ್ರೋಟೀನ್ ಕೊಳೆತರೆ ಮತ್ತೊಂದು ಬಗೆಯ ದುರ್ಗಂಧ. ಆದ್ದರಿಂದಲೇ ಸೋಪು ನೀರಿನಲ್ಲಿ ಒಮ್ಮೆ ತೊಳೆದರೆ ಹುಳಿ ಹೋಗಿ ಕಮಟು ಉಳಿಯುತ್ತದೆ.

ಹಾಲಿನ ಮೇಲೆ ಮಾಡಬಾರದ ಎರಡು ಕೆಲಸಗಳಿವೆ, ಎರಡನ್ನೂ ಜನ ಒಳ್ಳೆಯದೆಂದೇ ಮಾಡುತ್ತಾರೆ. ಒಂದು, ವಿನೆಗರ್ ಸುರಿಯುವುದು. ಆಮ್ಲ ಬಿದ್ದರೆ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್ ಒಡೆದು ಗರಣೆಗಟ್ಟುತ್ತದೆ. ನೀರಿನೊಂದಿಗೆ ಹೊರಬರಬೇಕಾದದ್ದು ಫೋಮಿನ ರಂಧ್ರಗಳಲ್ಲಿ ಮೊಸರಿನಂತೆ ಸಿಕ್ಕಿಕೊಳ್ಳುತ್ತದೆ. ಎರಡು, ಕುದಿಯುವ ನೀರು ಅಥವಾ ಸ್ಟೀಮ್ ಹಿಡಿಯುವುದು. ಅಷ್ಟು ಬಿಸಿಗೆ ಪ್ರೋಟೀನುಗಳು ಗಟ್ಟಿಯಾಗಿ ನಾರಿಗೆ ಅಂಟಿಕೊಳ್ಳುತ್ತವೆ. ನೀರು ತಣ್ಣಗಿರಲಿ ಅಥವಾ ಉಗುರುಬೆಚ್ಚಗಿರಲಿ, 40 ಡಿಗ್ರಿ ಸೆಲ್ಸಿಯಸ್ ದಾಟುವುದು ಬೇಡ.

ಕೆಲಸ ಮಾಡುವುದು ಎಂಜೈಮ್ ಕ್ಲೀನರ್. ಡಬ್ಬಿಯ ಮೇಲೆ ಪ್ರೋಟಿಯೇಸ್ ಮತ್ತು ಲೈಪೇಸ್ ಎರಡೂ ಇವೆಯೇ ನೋಡಿ ಕೊಳ್ಳಿ. ಪ್ರೋಟಿಯೇಸ್ ಪ್ರೋಟೀನನ್ನು ಕತ್ತರಿಸುತ್ತದೆ, ಲೈಪೇಸ್ ಕೊಬ್ಬನ್ನು. ಒಂದೇ ಇದ್ದರೆ ಅರ್ಧ ಕೆಲಸ. ಚರ್ಮ, ಉಣ್ಣೆ, ರೇಷ್ಮೆ ಇವೂ ಪ್ರೋಟೀನುಗಳೇ ಆದ್ದರಿಂದ ನಿಜ ಚರ್ಮದ ಸೀಟಿನ ಮೇಲೆ ಪ್ರೋಟಿಯೇಸ್ ಹಾಕಿ ಬಿಡಬಾರದು. ಹೊದಿಕೆ ಬಿಚ್ಚಿ ಫೋಮಿಗೆ ಮಾತ್ರ ಹಾಕಬೇಕು.

ಕ್ರಮ ಹೀಗೆ:

1. ದ್ರವ ಇನ್ನೂ ಹಸಿಯಾಗಿದ್ದರೆ ಒತ್ತಿ ಹೀರಿಸಿ, ಉಜ್ಜಬೇಡಿ. ಉಜ್ಜಿದರೆ ಇನ್ನಷ್ಟು ಅಗಲಕ್ಕೆ, ಆಳಕ್ಕೆ ಹೋಗುತ್ತದೆ. ನೀರೆಳೆಯುವ ವೆಟ್ ವ್ಯಾಕ್ಯೂಮ್ ಬಳಸಿ. ಸಾಧಾರಣ ವ್ಯಾಕ್ಯೂಮಿಗೆ ನೀರು ಹೋದರೆ ಮೋಟಾರ್ ಸುಡುತ್ತದೆ, ವಿದ್ಯುತ್ ಹೊಡೆಯುವ ಅಪಾಯವೂ ಇದೆ.

2. ಅರ್ಧ ಲೀಟರ್ ಶುದ್ಧ ನೀರನ್ನು ನಿಧಾನವಾಗಿ ಹಾಕಿ ಎಳೆಯಿರಿ. ಹೊರಬರುವ ನೀರು ತಿಳಿಯಾಗುವವರೆಗೆ ಪುನರಾವರ್ತಿಸಿ. ಹಿಂದೆ ಶಾಂಪೂ, ಸೋಂಕುನಿವಾರಕ, ಬ್ಲೀಚ್ ಏನಾದರೂ ಹಾಕಿದ್ದರೆ ಈ ಹಂತ ಬಿಡುವಂತೆಯೇ ಇಲ್ಲ, ಅವುಗಳ ಶೇಷ ಎಂಜೈಮನ್ನು ಕೆಡಿಸುತ್ತದೆ.

3. ಕ್ಲೀನರನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಾಕಿ ಬಣ್ಣ ಬಿಡುವುದೇ ನೋಡಿ. ನಂತರ, ಚೆಲ್ಲಿದ್ದು ಎಷ್ಟೋ ಕನಿಷ್ಠ ಅಷ್ಟೇ ಕ್ಲೀನರ್ ಹಾಕಿ. 250 ಮಿಲಿ ಹಾಲಿಗೆ 250ರಿಂದ 400 ಮಿಲಿ. ಕಾಣುವ ಕಲೆಯ ಅಂಚಿನಿಂದ ಸುತ್ತಲೂ 15 ಸೆಂಟಿಮೀಟರ್ ಹೊರಗಿನವರೆಗೆ ತೋಯಬೇಕು, ಏಕೆಂದರೆ ಅಡಿಯಲ್ಲಿ ದ್ರವ ಮೇಲಿಗಿಂತ ಅಗಲವಾಗಿ ಹರಡಿರುತ್ತದೆ. ಸಿಂಪಡಿಸುವ ಬಾಟಲಿಯಿಂದ ಇದು ಆಗದು. ಸುರಿಯಬೇಕು, ಕೈಯಿಂದ ಒತ್ತಿ ಒಳಗಿಳಿಸಬೇಕು.

4. ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಭಾರ ಇಡಿ. ಎಂಜೈಮ್ ಒದ್ದೆಯಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಹೊಸ ಕಲೆಗೆ 8ರಿಂದ 12 ಗಂಟೆ, ಹಳೆಯದಕ್ಕೆ 24 ಗಂಟೆ ಬಿಡಿ. ಕಾರು ನೆರಳಿನಲ್ಲಿರಲಿ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗಿನ ಕಾವು ಎಂಜೈಮನ್ನೇ ಹಾಳುಮಾಡಬಲ್ಲದು, ತೀರಾ ಚಳಿಯಲ್ಲಿ ಅದು ಮಂದವಾಗುತ್ತದೆ.

5. ಹಾಳೆ ತೆಗೆದು ದ್ರವ ಎಳೆಯಿರಿ, ಮತ್ತೆ ಶುದ್ಧ ನೀರು ಹಾಕಿ ಎಳೆಯಿರಿ, ಒಣಗಿಸಿ.

ನಾಲ್ಕನೆಯ ಹಂತದಲ್ಲಿ ವಾಸನೆ ಮೊದಲಿಗಿಂತ ಹೆಚ್ಚಾಗುತ್ತದೆ. ಒಣಗಿದ್ದು ಮತ್ತೆ ನೆನೆದಾಗ ಹಾಗಾಗುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ನಡುವೆಯೇ ಬೇರೊಂದು ರಾಸಾಯನಿಕ ಸುರಿದರೆ ಮಾಡಿದ್ದೆಲ್ಲ ಹಾಳು. ಪೂರ್ತಿ ಒಣಗಿದ ಮೇಲೆ, ಕಾರು ಒಂದು ರಾತ್ರಿ ಮುಚ್ಚಿಟ್ಟ ಮೇಲೆ ಮಾತ್ರ ತೀರ್ಪು. ಕಡಿಮೆಯಾಗಿ ಸ್ವಲ್ಪ ಉಳಿದಿದ್ದರೆ ಇನ್ನೊಂದು ಸುತ್ತು ಮಾಡಿ. ಎರಡು ಸುತ್ತಿನ ನಂತರವೂ ಹಾಗೇ ಇದ್ದರೆ ಕ್ಲೀನರ್ ಮೂಲಕ್ಕೆ ತಲುಪುತ್ತಿಲ್ಲ, ಬಿಚ್ಚಲೇಬೇಕು.

ಬಿಚ್ಚುವಾಗ

ಈಗಿನ ಸೀಟುಗಳಲ್ಲಿ ಏರ್‌ಬ್ಯಾಗ್, ಬೆಲ್ಟನ್ನು ಬಿಗಿಯುವ ಸಣ್ಣ ಸ್ಫೋಟಕ, ಕೂತವರ ತೂಕ ಅರಿಯುವ ಸೆನ್ಸರ್, ಹೀಟರ್ ತಂತಿ ಇರುತ್ತವೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಋಣ ತುದಿ ಕಳಚಿ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು, ಅದು ಸಿಗದಿದ್ದರೆ ಕನಿಷ್ಠ ಹತ್ತು ನಿಮಿಷ ಕಾಯಿರಿ. ಏರ್‌ಬ್ಯಾಗಿನ ಪ್ಲಗ್ಗುಗಳು ಸಾಮಾನ್ಯವಾಗಿ ಹಳದಿ. ಅವು ಕಳಚಿರುವಾಗ ಬ್ಯಾಟರಿ ಸೇರಿಸಿ ಇಗ್ನಿಷನ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ದೋಷ ದಾಖಲಾಗುತ್ತದೆ, ಮತ್ತೆ ಸ್ಕ್ಯಾನರ್ ಹಿಡಿದೇ ಅಳಿಸಬೇಕಾಗಬಹುದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿಗೆ ಕೈ ನಿಲ್ಲಿಸಿ, ಅದು ಹೈ ವೋಲ್ಟೇಜ್. ಈ ಯಾವುದರಲ್ಲೂ ಕೈ ಪಳಗಿಲ್ಲದಿದ್ದರೆ ಸೀಟು ತೆಗೆಯುವಷ್ಟನ್ನು ಮೆಕಾನಿಕ್ ಕೈಲಿ ಮಾಡಿಸುವುದೇ ಸರಿ.

ಸೀಟು ಹೊರಬಂದ ಮೇಲೆ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್ಪುಗಳನ್ನು ಮೇಲಕ್ಕೆಳೆದು ಬಿಡಿಸಿ, ಕಾರ್ಪೆಟಿನ ಅಂಚು ಎತ್ತಿ, ಕೈ ಒಳಗೆ ಹಾಕಿ ಪ್ಯಾಡ್ ಹಿಂಡಿ ನೋಡಿ. ಹಿಂಡಿದರೆ ನೀರು ಬರುವ ಪ್ಯಾಡ್ ಕಾರಿನೊಳಗೇ ಒಣಗುವುದಿಲ್ಲ. ಪ್ಯಾಡ್ ಬೇರೆಯಾಗಿ ಬಂದರೆ ಹೊರತೆಗೆದು ತೊಳೆಯಿರಿ. ಕಾರ್ಪೆಟಿಗೇ ಅಂಟಿದ್ದರೆ ಮರದ ತುಂಡಿಟ್ಟು ಕಾರ್ಪೆಟನ್ನು ತಳದಿಂದ ಹತ್ತು ಸೆಂಟಿಮೀಟರ್ ಎತ್ತಿ, ಅಡಿಗೆ ಫ್ಯಾನಿನ ಗಾಳಿ ಹಾಯಿಸಿ. ಕೆಲವು ಕಾರುಗಳಲ್ಲಿ ವೈರಿಂಗ್ ಕಟ್ಟು, ಕಂಟ್ರೋಲ್ ಯೂನಿಟ್ ಕಾರ್ಪೆಟಿನಡಿಯಲ್ಲೇ ಇರುತ್ತವೆ. ಪ್ಲಗ್ಗಿನೊಳಗೆ ಹಸಿರು ಕಿಲುಬು ಕಂಡರೆ ಅದನ್ನೂ ನೋಡಿಸಿಕೊಳ್ಳಿ. ಲೋಹದ ತಳವನ್ನು ಒರೆಸಿ ಒಣಗಿಸದೆ ಕಾರ್ಪೆಟ್ ಮುಚ್ಚಿದರೆ ನಾತದ ಜಾಗಕ್ಕೆ ತುಕ್ಕು ಬರುತ್ತದೆ. ಕೊನೆಗೆ ಸೀಟಿನ ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯದೆ, ಆ ಮಾದರಿಗೆ ಹೇಳಿದ ಟಾರ್ಕಿಗೇ (ಬಿಗಿತದ ಅಳತೆಗೇ) ಬಿಗಿಯಿರಿ. ಅಪಘಾತವಾದರೆ ಸೀಟನ್ನು ಹಿಡಿದಿಡುವುದು ಅವೇ.

ಒಣಗಿಸುವುದೇ ಅರ್ಧ ಕೆಲಸ

ಒದ್ದೆ ವಸ್ತುವಿನಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಬೆಳೆಯಲು ಶುರುವಾಗಬಹುದು. ಅಂದರೆ ಎಷ್ಟು ನೀರು ಹಾಕಿದಿರೋ ಅದನ್ನು ಎರಡು ದಿನದೊಳಗೆ ಹೊರತೆಗೆಯುವ ಯೋಜನೆ ತೊಳೆಯುವ ಮೊದಲೇ ಇರಬೇಕು. ಮಳೆಯ ದಿನ, ಫ್ಯಾನ್ ಇಲ್ಲದೆ, ಗಾಜು ಏರಿಸಿದ ಕಾರಿನಲ್ಲಿ ಫೋಮ್ ತೊಳೆಯಬೇಡಿ.

ವ್ಯಾಕ್ಯೂಮಿನಿಂದ ಎಷ್ಟು ಎಳೆಯಲು ಸಾಧ್ಯವೋ ಎಳೆಯಿರಿ. ನೀರು ಬರುವುದು ನಿಂತ ಮೇಲೂ ನಳಿಕೆಯನ್ನು ಗಟ್ಟಿಯಾಗಿ ಒತ್ತಿ ನಿಧಾನ ಎಳೆದರೆ ಇನ್ನಷ್ಟು ಬರುತ್ತದೆ. ಆಮೇಲೆ ಎದುರುಬದುರು ಎರಡು ಬಾಗಿಲು ತೆರೆದು ಒಂದು ಕಡೆಯಿಂದ ಫ್ಯಾನ್ ಇಡಿ. ಗಾಳಿ ಒಳಬಂದು ಹೊರಹೋಗಬೇಕು, ಒಳಗೇ ಸುತ್ತಬಾರದು. ಹೊರಗೆ ತೇವದ ಹವೆಯಿದ್ದರೆ ಬಾಗಿಲು ಮುಚ್ಚಿ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಇಡುವುದು ಲೇಸು. ಹೇರ್ ಡ್ರೈಯರ್ ಮೇಲ್ಪದರವನ್ನಷ್ಟೇ ಒಣಗಿಸಿ ಕೆಲಸ ಮುಗಿಯಿತು ಎಂಬ ಭ್ರಮೆ ಕೊಡುತ್ತದೆ.

ಬೇರೆ ಬೇರೆ ದ್ರವಗಳು

ಮೂತ್ರ, ಮಕ್ಕಳದ್ದಾಗಲಿ ಸಾಕುಪ್ರಾಣಿಯದ್ದಾಗಲಿ, ಒಣಗಿದಾಗ ಸುಮ್ಮನಿದ್ದು ಹವೆಯಲ್ಲಿ ತೇವ ಹೆಚ್ಚಿದ ದಿನ ಮತ್ತೆ ನಾರುತ್ತದೆ. ಕಾರಣ ಅದರಲ್ಲಿನ ಯೂರಿಕ್ ಆಮ್ಲದ ಹರಳುಗಳು. ಅವು ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ಆದ್ದರಿಂದ ಎಷ್ಟು ತೊಳೆದರೂ ನಾರಿನಲ್ಲಿ ಉಳಿಯುತ್ತವೆ. ಮೂತ್ರಕ್ಕೆಂದೇ ಮಾಡಿದ ಎಂಜೈಮ್ ಕ್ಲೀನರ್ ಬೇಕು, ಬಳಸುವ ಕ್ರಮ ಹಾಲಿನದೇ. ತಿಳಿ ಬಣ್ಣದ ಬಟ್ಟೆಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಕೂಡ ನಡೆಯುತ್ತದೆ. ಗಾಢ ಬಣ್ಣವನ್ನು ಅದು ಬಿಳಿಚಿಸುತ್ತದೆ, ಎಂಜೈಮಿನ ಜೊತೆ ಒಂದೇ ಸಲ ಹಾಕುವಂತಿಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡ. ಅದರ ವಾಸನೆ ಮೂತ್ರದಂತೆಯೇ ಇರುವುದರಿಂದ ಪ್ರಾಣಿ ಅದೇ ಜಾಗಕ್ಕೆ ಮರಳಬಹುದು.

ವಾಂತಿಯಲ್ಲಿ ಜಠರದ ಆಮ್ಲ, ಬ್ಯುಟೈರಿಕ್ ಆಮ್ಲ, ಅರೆಜೀರ್ಣ ಆಹಾರ ಇರುತ್ತವೆ. ಕೈಗವಸು ಹಾಕಿ ಗಟ್ಟಿ ಭಾಗವನ್ನು ರಟ್ಟಿನಿಂದ ಬಳಿದು ತೆಗೆದ ಕೂಡಲೇ ಅಡುಗೆ ಸೋಡಾವನ್ನು ದಪ್ಪಗೆ ಉದುರಿಸಿ. ಅದು ಪಸೆಯನ್ನು ಹೀರುತ್ತದೆ, ಆಮ್ಲವನ್ನು ತಟಸ್ಥಗೊಳಿಸುತ್ತದೆ. ಅರ್ಧ ಗಂಟೆಯಲ್ಲಿ ಎಳೆದು ತೆಗೆದು, ನೀರು, ನಂತರ ಎಂಜೈಮ್. ಸೋಡಾ ಕೆಲಸ ಮಾಡುವುದು ತಾನು ಮುಟ್ಟಿದ ಮೇಲ್ಪದರದಲ್ಲಿ ಮಾತ್ರ. ನೀರಿನಲ್ಲಿ ಕಲಸಿ ಫೋಮಿಗೆ ಸುರಿದರೆ ಒಣಗಿದ ಮೇಲೆ ಬಿಳಿ ಪುಡಿಯಾಗಿ ವರ್ಷಗಟ್ಟಲೆ ಮೇಲೇಳುತ್ತಿರುತ್ತದೆ.

ಮೀನಿನ ನೀರಿಗೆ ವಿನೆಗರ್ ಸರಿಯಾದ ಮದ್ದು. ಮೀನಿನ ವಾಸನೆಯ ಮುಖ್ಯ ಕಾರಣ ಟ್ರೈಮೀಥೈಲಮೀನ್ ಎಂಬ ಪ್ರತ್ಯಾಮ್ಲ, ಆಮ್ಲ ಸೇರಿದರೆ ಅದು ಗಾಳಿಗೆ ಹಾರದ ಲವಣವಾಗುತ್ತದೆ. ಮೊದಲು ತಣ್ಣೀರು ಮತ್ತು ಎಂಜೈಮಿನಿಂದ ಪ್ರೋಟೀನ್ ತೆಗೆದು, ಆಮೇಲೆ ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ನೀರಿನಿಂದ ತೊಳೆದು ಎಳೆಯಿರಿ. ಮಾಂಸದ ರಕ್ತಕ್ಕೂ ತಣ್ಣೀರೇ, ಬಿಸಿನೀರು ಸೋಕಿಸಲೇಬಾರದು.

ಸಿಹಿ ಪಾನೀಯಗಳು ಸುಲಭ. ಸಕ್ಕರೆ ಬೆಚ್ಚಗಿನ ನೀರಿನಲ್ಲಿ ಕರಗುತ್ತದೆ, ಎರಡು ಮೂರು ಸಲ ತೊಳೆದು ಎಳೆದರೆ ಸಾಕು. ಬಿಟ್ಟರೆ ಹುದುಗಿ ಹುಳಿ ಬರುತ್ತದೆ, ಇರುವೆ ಬರುತ್ತವೆ, ಬೆಲ್ಟಿನ ಬಕಲ್ ಅಂಟಿಕೊಳ್ಳುತ್ತದೆ. ಬಕಲ್ ಒಂದೇ ಸಲಕ್ಕೆ ಕಟ್ಟೆಂದು ಕೂರದಿದ್ದರೆ, ಗುಂಡಿ ಒತ್ತಿದಾಗ ಚಿಮ್ಮಿ ಬಿಡದಿದ್ದರೆ ತೊಳೆದು ಸರಿಹೋಯಿತೆಂದು ನಂಬದೆ ಬದಲಿಸಿ. ಬೆಲ್ಟಿನ ಪಟ್ಟಿಗೆ ಮೆದು ಸೋಪು, ಉಗುರುಬೆಚ್ಚಗಿನ ನೀರು ಮಾತ್ರ. ಬ್ಲೀಚ್ ಅದರ ನೂಲನ್ನು ದುರ್ಬಲಗೊಳಿಸುತ್ತದೆ. ಪಟ್ಟಿಯನ್ನು ಹೊರಗೆಳೆದು ಕ್ಲಿಪ್ ಹಾಕಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಒಳಬಿಡಿ.

ಅಡುಗೆ ಎಣ್ಣೆಗೆ ನೀರು ಮೊದಲು ಬೇಡ. ಕಾರ್ನ್‌ಫ್ಲೋರ್ ಅಥವಾ ಸೀಮೆಸುಣ್ಣದ ಪುಡಿ ದಪ್ಪಗೆ ಹರಡಿ, ಕೆಲವು ಗಂಟೆ ಬಿಟ್ಟು ಎಳೆದು, ಪುಡಿ ಜಿಡ್ಡಾಗುವುದು ನಿಲ್ಲುವವರೆಗೆ ಹೊಸದು ಹಾಕಿ. ನಂತರ ಪಾತ್ರೆ ತೊಳೆಯುವ ದ್ರವ, ಒಂದು ಲೀಟರ್ ಬೆಚ್ಚನೆಯ ನೀರಿಗೆ ಒಂದು ಚಮಚ.

ಪೆಟ್ರೋಲ್ ಚೆಲ್ಲಿದ್ದರೆ ವಾಸನೆಯ ಚಿಂತೆ ಆಮೇಲೆ, ಮೊದಲು ಬೆಂಕಿಯದು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಎಲ್ಲ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚೂ ಮುಟ್ಟಬೇಡಿ, ವ್ಯಾಕ್ಯೂಮ್, ಫ್ಯಾನ್, ಹೀಟರ್ ಬೇಡವೇ ಬೇಡ. ಮೋಟಾರಿನ ಒಂದು ಕಿಡಿ ಸಾಕು. ಹೀರುವ ಬಟ್ಟೆಯಿಂದ ಒತ್ತಿ ತೆಗೆದು, ಆ ಬಟ್ಟೆಯನ್ನು ಕಾರಿನಿಂದ, ಕಿಡಿಯಿಂದ ದೂರ ಬಯಲಿನಲ್ಲಿ ಹರಡಿ. ಪೆಟ್ರೋಲ್ ಬೇಗ ಆರುತ್ತದೆ, ಒಂದೆರಡು ದಿನದ ಗಾಳಿಗೆ ಬಹುಪಾಲು ಹೋಗುತ್ತದೆ. ಡೀಸೆಲ್ ಹಾಗಲ್ಲ. ಅದು ಸುಲಭವಾಗಿ ಆರುವುದಿಲ್ಲ, ಎಣ್ಣೆಯಂತೆ ಹೀರಿಸಿ ಸೋಪಿನಿಂದ ತೆಗೆಯಬೇಕು. ಪ್ಯಾಡಿಗೆ ಇಳಿದಿದ್ದರೆ ಪ್ಯಾಡ್ ಬದಲಿಸುವುದೇ ಗತಿ.

ಹೋದ ವಾಸನೆ ಮತ್ತೆ ಬಂದರೆ

ಹೇಗೆ ಮರಳಿತು ಎಂಬುದೇ ಕಾರಣ ಹೇಳುತ್ತದೆ. ತೊಳೆದಾಗ ಮಾಯವಾದ ಕಲೆ ಒಣಗುತ್ತಾ ಮತ್ತೆ ಕಾಣಿಸಿಕೊಂಡರೆ, ಆಳದಲ್ಲಿ ಉಳಿದದ್ದು ನೀರಿನ ಜೊತೆ ನೂಲಿನ ಮೂಲಕ ಮೇಲೇರಿದೆ. ಮುಂದಿನ ಸಲ ತೊಳೆದು ಎಳೆದ ಮೇಲೆ ದಪ್ಪ ಒಣ ಟವೆಲ್ ಹಾಸಿ ಭಾರ ಹೇರಿ ರಾತ್ರಿ ಬಿಡಿ, ಮೇಲೇರಿದ್ದು ಟವೆಲಿಗೆ ಹೋಗುತ್ತದೆ. ಹುಳಿ ವಾಸನೆ ಹೋಗಿ ಮುಗ್ಗಲು ವಾಸನೆ ಬಂದಿದ್ದರೆ ಚೆಲ್ಲಿದ್ದು ಹೋಗಿದೆ, ನೀವು ಹಾಕಿದ ನೀರು ಒಣಗಿಲ್ಲ. ತೇವದ ದಿನ ಮಾತ್ರ ಬಂದರೆ ಮೂತ್ರದ ಹರಳು ಅಥವಾ ಒದ್ದೆ ಪ್ಯಾಡ್. ಸೀಟು, ಕಾರ್ಪೆಟ್ ಎಲ್ಲ ಜಾಡಿ ಪರೀಕ್ಷೆಯಲ್ಲಿ ಪಾಸಾಗಿ ಬ್ಲೋವರ್ ಹಾಕಿದಾಗಷ್ಟೇ ಬಂದರೆ, ಒಳಗಾಳಿ ಸುತ್ತಿಸಿದ ದಿನಗಳಲ್ಲಿ ನಾತ ಕೇಬಿನ್ ಫಿಲ್ಟರಿಗೆ, ಇವ್ಯಾಪರೇಟರಿಗೆ ಹತ್ತಿದೆ. ಶುದ್ಧೀಕರಣ ಮುಗಿದ ಮೇಲೆ ಫಿಲ್ಟರ್ ಬದಲಿಸಿ, ಮೊದಲೇ ಬದಲಿಸಿದರೆ ಹೊಸದೂ ನಾರುತ್ತದೆ. ಕಾರ್ಪೆಟ್ ಅಂಟಂಟಾಗಿ ಬೇಗ ಕೊಳೆಯಾಗುತ್ತಿದ್ದರೆ ಸೋಪು ಉಳಿದಿದೆ, ಬರೀ ನೀರಿನಿಂದ ಮತ್ತೊಮ್ಮೆ ತೊಳೆದು ಎಳೆಯಿರಿ.

ಬೇಡವಾದವು

ಸುಗಂಧದ ಸ್ಪ್ರೇ ಹುಡುಕಾಟಕ್ಕೇ ಅಡ್ಡಿ, ಮೂಲ ಸಿಗುವವರೆಗೆ ಕಾರಿನಿಂದ ತೆಗೆದಿಡಿ. ಇದ್ದಿಲಿನ ಚೀಲ ಗಾಳಿಯಲ್ಲಿನ ವಾಸನೆಯನ್ನು ಹೀರುತ್ತದೆ, ಎಲ್ಲ ಮುಗಿದ ಮೇಲೆ ಉಳಿದ ಎಳೆ ವಾಸನೆಗೆ ಒಳ್ಳೆಯದು, ಫೋಮಿನೊಳಗಿನ ಹಾಲಿಗೆ ಅಲ್ಲ. ಓಝೋನ್ ಯಂತ್ರದ ಮೇಲೆ ಜನಕ್ಕೆ ಬಹಳ ನಂಬಿಕೆ. ಅದು ಗಾಳಿ ತಲುಪುವ ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ, ತೋಯ್ದ ಪ್ಯಾಡಿನ ಆಳಕ್ಕೆ ಇಳಿಯುವುದಿಲ್ಲ. ಓಝೋನ್ ಶ್ವಾಸಕೋಶಕ್ಕೆ ಹಾನಿಕರ, ರಬ್ಬರನ್ನೂ ಬಿರುಕು ಬಿಡಿಸುತ್ತದೆ. ಬಳಸುವುದೇ ಆದರೆ ಮೂಲ ತೆಗೆದ ಮೇಲೆ, ಒಳಗೆ ಜನ ಪ್ರಾಣಿ ಇಲ್ಲದಾಗ, ತಯಾರಕರು ಹೇಳಿದಷ್ಟೇ ಹೊತ್ತು ಓಡಿಸಿ, ನಂತರ ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಿಸಿದ ಮೇಲೆ ಕೂರಬೇಕು.

ಬ್ಲೀಚ್ ಬಗ್ಗೆ ಕಟ್ಟುನಿಟ್ಟಾಗಿ ಹೇಳಲೇಬೇಕು. ಮೂತ್ರ ಅಥವಾ ಅಮೋನಿಯಾದ ಮೇಲೆ ಬ್ಲೀಚ್ ಬಿದ್ದರೆ ಕ್ಲೋರಮೀನ್ ಅನಿಲ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ. ಕಾರಿನಂಥ ಇಕ್ಕಟ್ಟಿನಲ್ಲಿ ಎರಡೂ ಪ್ರಾಣಕ್ಕೆ ಅಪಾಯ. ಕಾರಿನ ಒಳಭಾಗಕ್ಕೆ ಬ್ಲೀಚ್ ತರಲೇಬೇಡಿ.

ತೊಳೆಯುವುದು ಬಿಟ್ಟು ಬದಲಿಸಬೇಕಾದದ್ದು

ಚರಂಡಿ ಅಥವಾ ನೆರೆ ನೀರು ಹೊಕ್ಕ ಪ್ಯಾಡ್, ಬೂಷ್ಟಿನ ಕಪ್ಪು ಚುಕ್ಕೆ ಆಳಕ್ಕೆ ಇಳಿದ ಫೋಮ್, ಲೀಟರಿಗಿಂತ ಹೆಚ್ಚು ಹಾಲು ಕುಡಿದು ಬೇಸಿಗೆಯಲ್ಲಿ ವಾರಗಟ್ಟಲೆ ಕೂತ ಪ್ಯಾಡ್, ಇವುಗಳ ಜೊತೆ ಸೆಣಸುವ ಸಮಯದಲ್ಲಿ ಹೊಸದು ಹಾಕಿಬಿಡಬಹುದು. ಪ್ಯಾಡಿನ ಕೆಟ್ಟ ಭಾಗವನ್ನು ಮಾತ್ರ, ಒದ್ದೆಯ ಅಂಚಿನಿಂದ ಹತ್ತು ಸೆಂಟಿಮೀಟರ್ ಹೊರಗೆ ಚೌಕವಾಗಿ ಕತ್ತರಿಸಿ, ಅಷ್ಟೇ ದಪ್ಪದ, ವಾಹನಕ್ಕೆಂದೇ ಮಾಡಿದ ಬೆಂಕಿ ತಡೆಯುವ ಪ್ಯಾಡ್ ಕೂರಿಸಿದರೆ ಸಾಕು. ದಪ್ಪ ಹೆಚ್ಚಾದರೆ ಚಾಲಕನ ಕಾಲಡಿಯ ಕಾರ್ಪೆಟ್ ಉಬ್ಬಿ ಪೆಡಲಿಗೆ ತಾಗುತ್ತದೆ. ಮೇಲಿನ ಕಾರ್ಪೆಟ್ ತೊಳೆದು ಒಣಗಿಸಿ ಮರಳಿ ಹಾಸುವ ಮುನ್ನ ಎಲ್ಲ ಪೆಡಲುಗಳನ್ನೂ ಪೂರ್ತಿ ಒತ್ತಿ, ಬಿಟ್ಟು ನೋಡಿ.